ಯಾರ ತಲೆಗೆ ಯಾರ ಬಾಲ

ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ಇಡೀ ಪಂಪು ಕಾರ್ಖಾನೆಗೆ ಇದ್ದದ್ದು ಒಂದೇ ಒಂದು ಮೇಲ್ ಯಂತ್ರ. ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಅದು ದಿನವಿಡೀ ಗೊರಗೊರ ಅನ್ನುತ್ತ ಕೂತಿರುತ್ತಿತ್ತು. ಅದಕ್ಕೆ ಸೆಕೆಯಾಗಬಾರದೆಂದು ಹಾಕಿಸಿದ್ದ ಏಸಿಯ ತಂಪಿಗೆ ಕಚೇರಿಯವರೆಲ್ಲ ಏನಾದರೊಂದು ನೆಪ ಹೂಡಿ ಬಂದು ನಿಲ್ಲುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಇಂಜಿನಿಯರನ ನಿಜ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಟಪಾಲಣ್ಣ.

ಅವತ್ತಿನ ರಾಮಾಯಣಕ್ಕೆಲ್ಲ ಮೂಲ, ಮ್ಯಾನೇಜರ್ ಸಾಹೇಬರ "ಆಯ್ತು".

ಯಂತ್ರದ ಡಿಸ್ಕು ಒಂದೇ ಅಳತೆಯ ಖಾನೆಗಳಿರುವ ದೊಡ್ಡ ಕಪಾಟಿದ್ದ ಹಾಗೆ. ಉದ್ದದ ಮೇಲ್ ಬಂದರೆ ಅದನ್ನು ತುಂಡು ಮಾಡಿ, ಖಾಲಿ ಇರುವ ಖಾನೆಗಳಲ್ಲಿಟ್ಟು, ಯಾವ ತುಂಡು ಎಲ್ಲಿದೆಯೆಂದು ಯಂತ್ರ ಗುರುತಿಟ್ಟುಕೊಳ್ಳುತ್ತಿತ್ತು. ಆದರೆ ಒಬ್ಬರ ಮೇಲ್ ಹೊಕ್ಕ ಖಾನೆಗೆ ಇನ್ನೊಬ್ಬರದು ಕಾಲಿಡುವಂತಿಲ್ಲ. ಸಾಹೇಬರೋ, ಯಾರು ಏನು ಬರೆದರೂ "ಆಯ್ತು" ಎಂದಷ್ಟೇ ಉತ್ತರಿಸುವವರು. ಆ ಎರಡಕ್ಷರ ಇಡೀ ಖಾನೆ ಹಿಡಿದುಕೊಂಡು, ಖಾಲಿ ರೈಲಿನಲ್ಲಿ ಒಬ್ಬನೇ ಇರುವ ಪ್ರಯಾಣಿಕನಂತೆ ಕಾಲು ಚಾಚಿ ಮಲಗುತ್ತಿತ್ತು. ಹೀಗೇ ಆಗಿ ಆಗಿ, ಅವತ್ತು ಬೆಳಿಗ್ಗೆ ಟಪಾಲಣ್ಣ ಬಾಗಿಲು ತೆಗೆದಾಗ ಡಿಸ್ಕು ತುಂಬಿ ಕೆಂಪು ದೀಪ ಉರಿಯುತ್ತಿತ್ತು.

"ಹೊಸ ಡಿಸ್ಕು ಕೊಡಿಸಿ ಸಾರ್" ಎಂದು ಸಾಹೇಬರನ್ನು ಕೇಳಿದ.

"ಇರೋದ್ರಲ್ಲೇ ಹೊಂದಿಸ್ಕೊಳ್ರೀ. ಮನೇಲಿ ಹೆಂಗಸ್ರು ಡಬ್ಬಿ ತುಂಬಿತು ಅಂತ ಹೊಸ ಅಡುಗೆಮನೆ ಕಟ್ಟಿಸ್ತಾರಾ?"

ಟಪಾಲಣ್ಣನ ಮುಖ ಅರಳಿತು. ಅವನ ತಲೆಯಲ್ಲಿ ಬಹಳ ದಿನಗಳಿಂದ ಒಂದು ಡಿಸೈನ್ ಕುದಿಯುತ್ತಿತ್ತು. ಮೇಲ್‌ನ ದೊಡ್ಡ ತುಂಡುಗಳು ತಂತಮ್ಮ ಖಾನೆಯಲ್ಲೇ ಇರಲಿ. ಕೊನೆಗೆ ಉಳಿಯುವ ಚೂರು ಬಾಲಗಳನ್ನೆಲ್ಲ, "ಆಯ್ತು"ವಿನಂಥ ಪುಟ್ಟ ಮೇಲ್‌ಗಳನ್ನೂ ಸೇರಿಸಿ, ಒಟ್ಟಿಗೆ ಒಂದು ಖಾನೆಗೆ ತುಂಬಿದರೆ ಎಷ್ಟು ಜಾಗ ಮಿಕ್ಕೀತು! ಮನೆಯಲ್ಲಿ ಹೆಂಡತಿಗೂ ವಿವರಿಸಿದ್ದ.

"ಎಲ್ಲರ ಬಾಲಾನೂ ಒಂದೇ ಡಬ್ಬಿಗೆ ಹಾಕಿದ್ರೆ ಯಾವುದು ಯಾರದ್ದು ಅಂತ ತಿಳಿಯೋದು ಹೇಗೆ?" ಎಂದಿದ್ದಳು ಅವಳು.

"ಗುರುತು ಇಡ್ತೀನಲ್ಲ ಕಣೇ."

"ಮೊದ್ಲು ಕನ್ನಡಕ ಎಲ್ಲಿಟ್ರಿ ಅಂತ ಗುರುತಿಟ್ಕೊಳ್ಳಿ. ಹಣೆ ಮೇಲಿದೆ."

ಈಗ ಸಾಹೇಬರೇ ದಾರಿ ತೋರಿಸಿದಂತಾಯಿತು. ಟಪಾಲಣ್ಣ ಡಿಸೈನನ್ನು ಯಂತ್ರಕ್ಕೆ ಏರಿಸಿದ. ಕೆಂಪು ದೀಪ ಆರಿತು, ಅರ್ಧ ಡಿಸ್ಕು ಖಾಲಿಯಾಯಿತು. ಮಗು ಮೊದಲ ಹೆಜ್ಜೆಯಿಟ್ಟದ್ದನ್ನು ಕಂಡ ತಂದೆಯಂತೆ ಅವನು ಯಂತ್ರವನ್ನು ನೋಡುತ್ತ ಕೂತ.

ಅಷ್ಟರಲ್ಲಿ ಸ್ಟೋರ್ ಕೀಪರ್ ಸಾಹೇಬರ ಮೇಲ್ ಅಚ್ಚಾದ ಕಾಗದ ಹಿಡಿದು ಒಳನುಗ್ಗಿದ. "ಸಾಹೇಬರಿಗೆ ತಲೆ ಸರಿಯಿದೆಯಾ? ಓದು ಇದನ್ನ."

ಕಾಗದದಲ್ಲಿತ್ತು: "ಉಗ್ರಾಣದಲ್ಲಿ ಬೋಲ್ಟುಗಳು ಕಾಣೆಯಾಗುತ್ತಿವೆ. ಇದಕ್ಕೆ ನೀವೇ ಹೊಣೆ. ಕೂಡಲೇ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಬೆಚ್ಚಗೆ ಮಲಗು, ನನ್ನ ಬಂಗಾರ."

ಟಪಾಲಣ್ಣ ಅದನ್ನು ಎರಡನೇ ಸಲ ಓದುತ್ತಿದ್ದಂತೆ ಟೈಪಿಸ್ಟ್ ಅಕ್ಕ ಬಂದರು. ಬೇರೆ ಶಾಖೆಯಲ್ಲಿರುವ ಮಗಳು ಫೋನ್ ಮಾಡಿ ಅತ್ತಿದ್ದಳಂತೆ. "ಶೀತ ಆಗಿದೆ ಅಂದಿದ್ಲು, ಔಷಧಿ ಹೇಳಿ ಬರ್ದೆ ಕಣಪ್ಪ. ಅವಳಿಗೆ ಹೋಗಿರೋದು ನೋಡು: 'ಔಷಧಿ ಕುಡಿದು, ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು'! ಹೆತ್ತ ತಾಯಿ ಹೀಗೆ ಬರೀತಾಳಾ?"

ಚಹಾದ ಹೊತ್ತಿಗೆ ಸುದ್ದಿ ಕಚೇರಿಯೆಲ್ಲ ಹಬ್ಬಿ, ಮೇಲ್ ಕೋಣೆ ಸಂತೆಯಾಯಿತು. ಅಪರೂಪಕ್ಕೆ ಅಕೌಂಟೆಂಟರೂ ಬಾಗಿಲಲ್ಲಿ ಇಣುಕಿದರು. ಅವರು ನಕ್ಕದ್ದನ್ನು ಕಂಡವರಿಲ್ಲ.

"ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಅಂಟ್ಕೊಳ್ತಾ ಇದ್ಯಂತೆ?"

"ಬೇಗ ಸರಿಮಾಡ್ತೀನಿ ಸಾರ್."

"ನಿಧಾನ, ನಿಧಾನ. ಅವಸರ ಏನಿದೆ?" ಎಂದು ಅವರು ಹೊರಟುಹೋದರು.

ಟಪಾಲಣ್ಣ ಊಟ ಬಿಟ್ಟು ಹುಡುಕಿದ. ಬಾಲಗಳನ್ನು ಇಡುವಾಗ ಒಂದರಿಂದ ಎಣಿಸಿದ್ದ, ತೆಗೆಯುವಾಗ ಸೊನ್ನೆಯಿಂದ ಎಣಿಸಿದ್ದ. ಹಾಗಾಗಿ ಎಲ್ಲರಿಗೂ ಪಕ್ಕದವರ ಬಾಲ ಸಿಕ್ಕಿತ್ತು. ತಿದ್ದಿ, ಮತ್ತೆ ಮತ್ತೆ ಪರೀಕ್ಷಿಸಿದ. ಎಲ್ಲವೂ ಚೊಕ್ಕ. ಎದ್ದು ಎಲ್ಲರಿಗೂ ಹೇಳಬೇಕು ಎನ್ನುವಾಗಲೇ ನಕ್ಷೆ ವಿಭಾಗದ ಹಿರಿಯರು ಬಂದರು.

ಇವರ ವಿಷಯ ಸ್ವಲ್ಪ ಹೇಳಬೇಕು. ಒಂದು ಕಾಲಕ್ಕೆ ಇವರೂ ಅಕೌಂಟೆಂಟರೂ ಊಟದ ಬಿಡುವಿನಲ್ಲಿ ಚದುರಂಗಕ್ಕೆ ಕೂತರೆ ಇಡೀ ಕಚೇರಿ ಸುತ್ತ ನಿಂತಿರುತ್ತಿತ್ತು. ಕೈಯಲ್ಲಿನ ತುತ್ತು ಕೈಯಲ್ಲೇ ಒಣಗುತ್ತಿತ್ತು. ಸಾಹೇಬರೂ ಕಿಟಕಿಯಾಚೆ ನಿಂತು ಕತ್ತು ಉದ್ದ ಮಾಡುತ್ತಿದ್ದರು. ಒಂದು ದಿನ, ಕುದುರೆಯನ್ನು ಮುಟ್ಟಿದೆ, ಮುಟ್ಟಲಿಲ್ಲ ಎಂದು ಶುರುವಾದ ಜಗಳದಲ್ಲಿ ಮಾತು ಬಿಟ್ಟವರು ಮತ್ತೆ ಆಡಲಿಲ್ಲ. ಬೋರ್ಡು ಬೀರುವಿನ ತಲೆಯೇರಿತು. ಅಕ್ಕಪಕ್ಕದ ಮೇಜಾದರೂ ಒಬ್ಬರ ಫೈಲು ಇನ್ನೊಬ್ಬರಿಗೆ ಟೈಪಿಸ್ಟ್ ಅಕ್ಕನನ್ನು ಬಳಸಿಕೊಂಡು ಹೋಗಬೇಕು. ಊಟದ ಬಿಡುವು ಅಂದಿನಿಂದ ಬರೀ ಊಟದ ಬಿಡುವಾಗಿತ್ತು.

"ಟಪಾಲಣ್ಣ, ಇದು ಯಾರ ಬಾಲ?" ಎಂದರು ಹಿರಿಯರು. ಕೈಯಲ್ಲಿದ್ದ ಕಾಗದವನ್ನು ಮುಂದೆ ಹಿಡಿದರು.

ಅಕೌಂಟೆಂಟರ ಮೇಲ್ ಅದು: "ಹೊಸ ಪಂಪಿನ ನಕ್ಷೆಯ ಖರ್ಚಿನ ವಿವರ ಇನ್ನೂ ಬಂದಿಲ್ಲ. ಕೂಡಲೇ ಕಳಿಸಿ. ಕೋಪವೆಲ್ಲ ಎಂದೋ ಇಳಿದುಹೋಯಿತು ಕಣೋ, ತಪ್ಪು ನನ್ನದೇ. ನೀನಿಲ್ಲದೆ ಹೊತ್ತು ಹೋಗುವುದಿಲ್ಲ."

"ಮೊದಲನೇದು ಅವನದ್ದೇ. ಆದ್ರೆ ಕೊನೇದು? ಆ ಮನುಷ್ಯ ಸತ್ರೂ ಹೀಗೆ ಬರಿಯಲ್ಲ."

ಅವರ ಬೆನ್ನಿಗೇ ಕಚೇರಿ ನೆರೆಯಿತು. ಸಾಹೇಬರೂ ಬಂದರು. "ಇನ್ನೂ ಸರಿಹೋಗಿಲ್ವೇನ್ರೀ? ಸರಿಯಾಗಿದ್ರೆ ಹೇಳಿ, ನಿಮ್ಮ ಡಿಸೈನ್‌ನ ಎಲ್ಲಾ ಶಾಖೆಗಳ ಯಂತ್ರಕ್ಕೂ ನಿಮ್ಮ ಹೆಸರಲ್ಲೇ ಹಾಕಿಸ್ತೀನಿ. ಇಲ್ಲಾಂದ್ರೆ ಈಗ್ಲೇ ಕಿತ್ತು ಹಾಕಿ."

ಟಪಾಲಣ್ಣ ಪರದೆ ನೋಡಿದ. ಮೇಲ್ ಹೊರಟದ್ದು ಅವನು ತಿದ್ದಿದ ಮೇಲೆ. ಅದರ ತಲೆಗೂ ಬಾಲಕ್ಕೂ ಒಂದೇ ಗುರುತಿತ್ತು. ಬಾಲ ಅದರದೇ! ಮೊದಲಿನಿಂದ ಕೊನೆಯವರೆಗೂ ಅಕೌಂಟೆಂಟರೇ ಬರೆದದ್ದು.

"ಸಾರ್, ಇದು..." ಎಂದು ಬಾಯಿ ತೆರೆದವನ ಕಣ್ಣು ಗುಂಪಿನ ಹಿಂದೆ ಹೋಯಿತು. ಅಕೌಂಟೆಂಟರು ಹಲ್ಲುನೋವಿನವರಂತೆ ಮುಖ ಹಿಂಡಿಕೊಂಡು, ಬೇಡ ಬೇಡವೆಂದು ತಲೆಯಾಡಿಸುತ್ತಿದ್ದರು.

ಎಲ್ಲ ಶಾಖೆಗಳಲ್ಲೂ ತನ್ನ ಹೆಸರು ಒಂದು ಸಲ ಟಪಾಲಣ್ಣನ ಕಣ್ಣಮುಂದೆ ಹಾದುಹೋಯಿತು.

"ಇದೂ ಯಂತ್ರದ ತಪ್ಪೇ ಸಾರ್. ನನ್ನ ಕೈಲಿ ಸರಿಮಾಡಕ್ಕಾಗ್ಲಿಲ್ಲ."

ಹಿರಿಯರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ತಿರುಗಿ, ಎಷ್ಟೋ ಕಾಲದ ಮೇಲೆ, ಅಕೌಂಟೆಂಟರ ಮುಖವನ್ನು ನೇರ ನೋಡಿದರು.

"ಯಾರೋ ಪುಣ್ಯಾತ್ಮರು ಬರ್ದಿದ್ದು ದಾರಿ ತಪ್ಪಿ ನನ್ಹತ್ರ ಬಂದಿದೆ. ಸುಮ್ನೆ ಯಾಕೆ ಹಾಳು ಮಾಡೋದು? ಬೋರ್ಡು ಇಳಿಸಯ್ಯಾ."

"ಯಂತ್ರದ ತಪ್ಪಿಗೆ ನಾನ್ಯಾಕೆ..." ಎಂದು ಗೊಣಗುತ್ತಲೇ ಅಕೌಂಟೆಂಟರು ಸ್ಟೂಲು ಎಳೆದುಕೊಂಡು ಬೀರುವಿನ ಕಡೆ ಓಡಿದರು. ಟೈಪಿಸ್ಟ್ ಅಕ್ಕ ಧೂಳು ಒರೆಸಿದರು. ಅವತ್ತು ಸಂಜೆ ಕಚೇರಿ ಬಿಟ್ಟ ಮೇಲೂ ಒಬ್ಬರೂ ಮನೆಗೆ ಹೊರಡಲಿಲ್ಲ.

ಆಚೆ "ಕುದುರೆ! ಕುದುರೆ!" ಎಂಬ ಗದ್ದಲ ಏಳುತ್ತಿದ್ದಾಗ ಟಪಾಲಣ್ಣ ಒಬ್ಬನೇ ಕೂತು ತನ್ನ ಡಿಸೈನನ್ನು ಕೀಳುತ್ತಿದ್ದ. ಸಾಹೇಬರು ಒಳಗೆ ಬಂದು ಮೆಲ್ಲಗೆ ಬಾಗಿಲು ಹಾಕಿದರು.

"ಕಿತ್ತಾಯ್ತೇನ್ರೀ?"

"ಕೀಳ್ತಾ ಇದೀನಿ ಸಾರ್."

"ಸ್ವಲ್ಪ ತಡೀರಿ." ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. "ಇನ್ನೊಂದು ಶಾಖೇಲಿ ನನ್ನ ತಮ್ಮ ಇದಾನೆ. ಮಾತಿಲ್ಲ ಕತೆಯಿಲ್ಲ, ಎಷ್ಟೋ ವರ್ಷ ಆಯ್ತು. ಅವನಿಗೊಂದು ಮೇಲ್ ಕಳಿಸ್ಬೇಕು."

ಟಪಾಲಣ್ಣ ಕೀಳುವುದನ್ನು ನಿಲ್ಲಿಸಿದ. ಗುಟ್ಟನ್ನೂ ಮರೆತು, "ಧೈರ್ಯವಾಗಿ ಕಳಿಸಿ ಸಾರ್, ಯಂತ್ರ ಮಧ್ಯಾಹ್ನವೇ ಸರಿಹೋಗಿದೆ" ಎಂದುಬಿಟ್ಟ.

"ನನಗೂ ಗೊತ್ತು ಕಣ್ರೀ, ಅಕೌಂಟೆಂಟ್ ಮುಖ ನಾನೂ ನೋಡ್ದೆ. ಆದ್ರೆ ಸರಿಹೋಗಿದೆ ಅಂತ ನನ್ನ ತಮ್ಮನಿಗೆ ಗೊತ್ತಾಗ್ಬಾರ್ದಲ್ಲ! ಯಂತ್ರ ಕೆಟ್ಟಿದೆ ಅಂತ ಅವನು ನಂಬೋ ಹಾಗೆ ಏನಾದ್ರೂ ಆಧಾರ ಇರ್ಬೇಕು."

ಮರುದಿನ ಬೆಳಿಗ್ಗೆ ಟಪಾಲಣ್ಣನಿಗೆ ಒಂದು ಮೇಲ್ ಬಂತು. ಯಂತ್ರವನ್ನು ಕೆಡಿಸಿ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅಂಟಿಸಿದ ಘೋರ ಬೇಜವಾಬ್ದಾರಿಗೆ ಕಟ್ಟೆಚ್ಚರಿಕೆಯ ನೋಟೀಸು. ಪ್ರತಿ, ಸಾಹೇಬರ ತಮ್ಮನಿಗೆ. ಅದು ಇಬ್ಬರಿಗೂ, ಒಂದಕ್ಷರವೂ ಆಚೀಚೆಯಾಗದೆ ತಲುಪಿತು.