ಭಾವನ ಕಾಲು, ನನ್ನ ಕೋಳಿ

ಮನುಷ್ಯನಿಗೆ ಕೆಟ್ಟ ಹೆಸರು ಬರಬೇಕಾದರೆ ಅವನು ಅದಕ್ಕೆ ಮೊದಲು ಒಂದಿಷ್ಟಾದರೂ ಸುಖಪಟ್ಟಿರಬೇಕು ಎಂಬುದು ನನ್ನ ಬಹುದಿನದ ಅಭಿಪ್ರಾಯ. ಕುಡುಕನಿಗೆ ಕುಡಿದ ಗಳಿಗೆಯಾದರೂ ದಕ್ಕಿರುತ್ತದೆ. ಏನೊಂದನ್ನೂ ಅನುಭವಿಸದೆ ಬರೀ ಹೆಸರನ್ನಷ್ಟೇ ಕೆಡಿಸಿಕೊಂಡವನು ಬೀದರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಬೀದರದ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಾನು ಟೆಕ್ನಿಷಿಯನ್. ರೋಗಿಗಳ ಕೀವು, ಕಫಗಳಲ್ಲಿ ಬಿಡಾರ ಹೂಡಿರುವ ಬ್ಯಾಕ್ಟೀರಿಯಾಗಳನ್ನು ಗಾಜಿನ ತಟ್ಟೆಯಲ್ಲಿ ಸಾಕಿ ಬೆಳೆಸಿ, ಅವು ಯಾವ ಔಷಧಕ್ಕೆ ಸಾಯುತ್ತವೆ ಎಂದು ನೋಡುವುದು ನನ್ನ ಕಾಯಕ. ಹುಟ್ಟಿನಿಂದ ಲಿಂಗವಂತ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಜೋಳದ ರೊಟ್ಟಿ ತಿಂದು ಕೀವಿನ ಸೇವೆಗೆ ಹೊರಡುವವನು.

ಹೀಗಿರುವಾಗ ನಮ್ಮ ಪ್ರಯೋಗಾಲಯದ ಮೇಡಂ ಅವರಿಗೆ ಪೇಟೆಯ ಕೋಳಿಮಾಂಸವನ್ನು ಪರೀಕ್ಷಿಸುವ ಕೆಲಸ ಬಂತು. ಬೀದರ, ಭಾಲ್ಕಿ, ಔರಾದ್ ಮೂರೂ ಊರುಗಳ ಅಂಗಡಿಗಳಿಂದ ಮಾಂಸ ತರಬೇಕು. "ನೀವೇ ಹೋಗ್ರಿ. ಬ್ಯಾರೇದವ್ರನ್ನ ಕಳಿಸಿದ್ರ ಸ್ಯಾಂಪಲ್ ದಾರಿಯಾಗೇ ಸಾರು ಆಗ್ತದ" ಎಂದರು ಮೇಡಂ. ನನ್ನ ಸದಾಚಾರವೇ ನನಗೆ ಮುಳುವಾಯಿತು. ಭಾಲ್ಕಿಯ ಅಂಗಡಿಯವನು ಬಹಳ ಮರ್ಯಾದಸ್ಥ. "ಸಾಹೇಬ್ರ, ತೊಳೀಲೇನ್ರಿ?" ಎಂದ. "ಬ್ಯಾಡ್ರಿ." "ಚರ್ಮಾ ತೆಗೀಲಿ?" "ಇರ್ಲಿ." "ಸಣ್ಣ ಪೀಸ್ ಮಾಡ್ಲೇನ್ರಿ?" "ಮತ್ತ ಮುಟ್ಟಬ್ಯಾಡ್ರಿ, ಹಾಂಗೇ ಚೀಲದಾಗ ಹಾಕ್ರಿ." ಅವನು ನನ್ನ ವಿಭೂತಿಯನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ ದನಿ ತಗ್ಗಿಸಿ ಕೇಳಿದ: "ಹಸೀದೇ ತಿಂತೀರೇನ್ರಿ?"

ನನಗಿಂತ ಮೊದಲು ನಕ್ಕವರು ನನ್ನ ಬೆನ್ನ ಹಿಂದೆ ರಸ್ತೆಯಲ್ಲಿದ್ದವರು. ಆ ಗುಂಪಿನಲ್ಲಿ ನಗದೆ ನಿಂತಿದ್ದವರು ಒಬ್ಬರೇ, ನನ್ನ ಅಕ್ಕನ ಗಂಡ ಗುರುಪಾದಪ್ಪನವರು. ಭಾಲ್ಕಿಯಲ್ಲಿ ಮನೆ, ಬೀದರದ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ತೊಗರಿ ವ್ಯಾಪಾರ. ಮಾತು ತೂಕದ್ದು, ಸಿಟ್ಟು ಅದಕ್ಕಿಂತ ತೂಕದ್ದು.

"ಏ ಕಾಶಿನಾಥ, ಕೈಯಾಗೇನದು?"

"ಕೆಲಸದ್ದರಿ ಭಾವ. ಪರೀಕ್ಷಾ ಮಾಡಾಕ."

"ಪರೀಕ್ಷಾ? ಉಳ್ಳಾಗಡ್ಡಿ ಹಾಕಿ ಮಾಡ್ತಿ, ಇಲ್ಲಾ ಹಾಂಗೇ ಮಾಡ್ತಿ?"

ಅಂದಿನಿಂದ ಭಾವ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ. ಗಂಜಿನ ಹಮಾಲರಿಗೂ ನನ್ನ ಪತನದ ಸುದ್ದಿ ಗೊತ್ತಾಗಿತ್ತು.

ಇತ್ತ ನನ್ನ ತಟ್ಟೆಗಳಲ್ಲಿ ಕೋಳಿಯ ಬ್ಯಾಕ್ಟೀರಿಯಾಗಳು ಸುಖವಾಗಿ ಬೆಳೆದಿದ್ದವು. ಅವುಗಳ ನಡುವೆ ಔಷಧ ಸವರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಕ್ಕೆ ತಾಕತ್ತಿದ್ದರೆ ಬಿಲ್ಲೆಯ ಸುತ್ತ ಬಯಲು ಬಿದ್ದು ಒಂದು ಉಂಗುರ ಕಾಣುತ್ತದೆ. ಔರಾದಿನವು ಒಂದೆರಡು ಔಷಧಗಳಿಗಾದರೂ ಮರ್ಯಾದೆ ಕೊಟ್ಟವು. ಬೀದರ, ಭಾಲ್ಕಿಯವು ಹೆಚ್ಚಿನ ಬಿಲ್ಲೆಗಳನ್ನು ದಿಂಬು ಮಾಡಿಕೊಂಡು ಮಲಗಿದ್ದವು. ಕೆಲವು ಕಡೆ ಕೋಳಿಗಳಿಗೆ ರೋಗವಿರಲಿ ಬಿಡಲಿ, ಬೇಗ ಮೈತುಂಬಲೆಂದು ನೀರಿನಲ್ಲೇ ಔಷಧ ಕಲಸುತ್ತಾರಂತೆ. ಸಾಧು ಬ್ಯಾಕ್ಟೀರಿಯಾಗಳು ಸಾಯುತ್ತವೆ, ಹಟಮಾರಿಗಳು ಉಳಿದು ಸಂಸಾರ ಹೂಡುತ್ತವೆ. ಮೇಡಂ ಇದನ್ನು ವಿವರಿಸುವಾಗ ನಾನು ಗಂಭೀರವಾಗಿ ತಲೆಯಾಡಿಸಿದೆ. ತಿನ್ನುವವರ ಪಾಡು, ನಮಗೇನು ಎಂಬ ನೆಮ್ಮದಿ ಒಳಗೆ ಇದ್ದೇ ಇತ್ತು.

ಆಮೇಲೆ ಭಾವನ ಕಾಲಿಗೆ ಗಂಜಿನಲ್ಲಿ ಮೊಳೆ ಚುಚ್ಚಿತು. ಸಕ್ಕರೆ ಕಾಯಿಲೆಯ ಕಾಲು, ಚುಚ್ಚಿದ್ದೇ ಗೊತ್ತಾಗಲಿಲ್ಲ. ಊತ ಬಂದಾಗ ಔಷಧದ ಅಂಗಡಿಯಲ್ಲಿ ಕೇಳಿ ಗುಳಿಗೆ ನುಂಗಿದರು, ಊತ ಇಳಿದಾಗ ಬಿಟ್ಟರು, ಮತ್ತೆ ಬಂದಾಗ ಮತ್ತೆ ನುಂಗಿದರು. ಪಾದ ಕಪ್ಪಾದ ಮೇಲೆ ಅಕ್ಕ ಅವರನ್ನು ನಮ್ಮ ಆಸ್ಪತ್ರೆಗೇ ಕರೆತಂದಳು. ನಮ್ಮ ಮನೆಯ ನೀರು ಮುಟ್ಟದವರ ಕೀವು ನನ್ನ ಮೇಜಿಗೆ ಬಂತು.

ಮರುದಿನ ತಟ್ಟೆ ತೆಗೆದು ನೋಡಿದೆ. ಒಂದು ಬಿಲ್ಲೆಯ ಸುತ್ತ ಮಾತ್ರ ಉಂಗುರ. ಅದು ಮೂತ್ರಪಿಂಡವನ್ನೇ ತಿನ್ನುವಂಥ ಖಡಕ್ ಔಷಧ. ಮೇಡಂ ಭಾಲ್ಕಿಯ ಕೋಳಿಯ ತಟ್ಟೆಯನ್ನು ಪಕ್ಕದಲ್ಲಿಟ್ಟು, "ಒಂದೇ ಮನಿ ಮಕ್ಕಳು ಇದ್ದಂಗ ಅದಾವಲ್ರಿ" ಎಂದರು. ಹೊರಗೆ ಅಕ್ಕ ಕಾಯುತ್ತಿದ್ದಳು.

"ತಮ್ಮಾ, ಔಷಧಾ ಅದನೋ ಇಲ್ಲೋ?"

"ಒಂದು ಅದ ಅಕ್ಕಾ."

"ಒಂದ್ ಇದ್ರ ಸಾಕಲ್ಲೋ. ಎಷ್ಟರ ಬೇಕು?"

ಆ ಒಂದನ್ನು ಕೊಟ್ಟರು. ಮೂತ್ರ ಕಡಿಮೆಯಾಗತೊಡಗಿತು, ಔಷಧ ನಿಲ್ಲಿಸಿದರು. ಮೊಣಕಾಲ ಕೆಳಗೆ ಕಾಲು ತೆಗೆದರು.

ನೋಡಲು ಬಂದ ಗಂಜಿನ ಗೆಳೆಯರೆದುರು ಡಾಕ್ಟರು ಸಾವಕಾಶವಾಗಿ ತಿಳಿಸಿ ಹೇಳಿದರು: "ಇಂಥಾ ಬ್ಯಾಕ್ಟೀರಿಯಾ ಕೋಳಿ ಮಾಂಸದಾಗೂ ಸಿಗ್ತದ್ರಿ. ತಿಂದೇ ಬರ್ಬೇಕಂತಿಲ್ಲ, ಕೈ, ನೀರು, ಕಾಯಿಪಲ್ಲೆ, ನಮ್ಮ ಆಸ್ಪತ್ರಿ, ಎಲ್ಲಿಂದ ಬಂತಂತ ಹೇಳಾಕ ಬರಂಗಿಲ್ಲ." ಗಾಂಧಿ ಗಂಜಿಗೆ ಹೋಗಿ ಮುಟ್ಟಿದ್ದು ಮೊದಲನೆಯ ವಾಕ್ಯ ಒಂದೇ. ಗುರುಪಾದಪ್ಪ ಕದ್ದು ತಿನ್ನುತ್ತಿದ್ದನಂತೆ, ತಂದುಕೊಡುತ್ತಿದ್ದವನು ಹೆಂಡತಿಯ ತಮ್ಮನಂತೆ ಎಂದು ತೊಗರಿ ಮೂಟೆಗಳ ನಡುವೆ ಇತ್ಯರ್ಥವಾಯಿತು.

ಕಾಲು ಹೋದಾಗ ಅಳದ ಭಾವ ಇದನ್ನು ಕೇಳಿ ಗೋಡೆಯ ಕಡೆ ಹೊರಳಿ ಅತ್ತರು. ಆಮೇಲೆ ನನ್ನನ್ನು ಕರೆಸಿದರು.

"ಕಾಲ್ ಹೋತು, ಹೋಗ್ಲಿ. ಹೆಸರು ಹೋದ್ರ ಯಾವ ಮುಖಾ ಹೊತ್ಕೊಂಡು ಅಂಗಡ್ಯಾಗ ಕೂಡ್ಲೋ? ತಿನ್ನಾಂವ ನೀನು, ನಿನ್ನ ಕೈಲಿಂದ ನನಗ ಹತ್ತೇದ ಅಂತ ಹೇಳಿಬಿಡ್ತೇನಿ. ನಿಂದಂತೂ ಹ್ಯಾಂಗೂ ಕೆಟ್ಟದ."

ಈ ತರ್ಕದಲ್ಲಿ ಲೋಪವಿರಲಿಲ್ಲ. ಒಂದೇ ಕುಟುಂಬದಲ್ಲಿ ಇಬ್ಬರ ಹೆಸರು ಕೆಡುವುದು ದುಂದು. ಅದೂ ಅಲ್ಲದೆ, ನನ್ನ ಕೈಯಿಂದ ಬರಲಿಲ್ಲ ಎಂದು ಆಣೆ ಮಾಡಲು ನನ್ನ ವಿಜ್ಞಾನ ಬಿಡಲಿಲ್ಲ. "ಹೇಳ್ರಿ ಭಾವ" ಎಂದೆ.

ಈಗ ನಾನು ನಮ್ಮ ಬಳಗದ ಅಧಿಕೃತ ಮಾಂಸಾಹಾರಿ. ಮೊನ್ನೆ ಭಾಲ್ಕಿಯಲ್ಲಿ ಅವರ ಮೊಮ್ಮಗನ ತೊಟ್ಟಿಲಿನ ಕಾರ್ಯಕ್ಕೆ ಹೋದಾಗ ಪಂಕ್ತಿಯ ತುದಿಯಲ್ಲಿ, ಪಕ್ಕದವರಿಂದ ಒಂದು ಎಲೆಯಷ್ಟು ಜಾಗ ಬಿಟ್ಟು ನನ್ನನ್ನು ಕೂರಿಸಿದರು. ಊಟವಾದ ಮೇಲೆ ಮಂಚದ ಮೇಲಿದ್ದ ಭಾವ ಕೈಸನ್ನೆ ಮಾಡಿ ಕರೆದರು. ಧೋತರದ ಒಂದು ಮಗ್ಗುಲು ಖಾಲಿಯಾಗಿ ಕೆಳಗೆ ಬಿದ್ದಿತ್ತು.

"ಖರೇ ಹೇಳು. ಹ್ಯಾಂಗಿರ್ತದೋ ಅದು?"

"ಯಾವುದ್ರಿ?"

"ಕೋಳಿ. ಕಾಲು ಕೊಟ್ಟೇನಿ, ರುಚಿ ಆದ್ರೂ ಗೊತ್ತಾಗಬ್ಯಾಡೇನು?"

ಅದರೊಳಗೆ ವಾಸವಾಗಿರುವವರ ಹೆಸರು, ಕುಲ, ಹಟ ಎಲ್ಲ ನನಗೆ ಗೊತ್ತು. ರುಚಿ ಗೊತ್ತಿಲ್ಲ. ಗೊತ್ತಿಲ್ಲ ಎಂದುಬಿಟ್ಟರೆ, ಅವರು ನಾಲ್ಕು ಜನರಿಗೆ ಹೇಳಿ ನಂಬಿಸಿದ, ಈಗ ತಾವೂ ನಂಬಿ ಸಮಾಧಾನಪಟ್ಟಿರುವ ಕಥೆಗೆ ನಿಲ್ಲಲು ಕಾಲೇ ಇರುವುದಿಲ್ಲ.

"ಅಷ್ಟೇನಿಲ್ಲರಿ ಭಾವ. ಜರಾ ಸಪ್ಪಗ ಇರ್ತದ."

ಭಾವನ ಮುಖ ಸಡಿಲವಾಯಿತು. ಅಂಥದ್ದೇನೂ ತಪ್ಪಿಹೋಗಿಲ್ಲ ಎಂಬಂತೆ ಕಣ್ಣು ಮುಚ್ಚಿದರು. ನಾನು ಏಳಬೇಕೆನ್ನುವಷ್ಟರಲ್ಲಿ ಕಣ್ಣು ತೆರೆಯದೆಯೇ ಕೇಳಿದರು:

"ಮಸಾಲಿ ಏನೇನ್ ಹಾಕ್ತಿ?"

ಏಳಲಿದ್ದವನು ಮತ್ತೆ ಕುಳಿತೆ. ನಮ್ಮ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿಗೆ ಹಾಕುವುದನ್ನೆಲ್ಲ ಒಂದೊಂದಾಗಿ ಹೇಳತೊಡಗಿದೆ.