ಮೈದುನನ ಪಟ್ಟಿಯಲ್ಲಿ ನಮ್ಮ ಮನೆ

ಕಾಪುವಿನಿಂದ ಎರ್ಮಾಳಿನವರೆಗೆ ಯಾರ ಮನೆಯಲ್ಲಿ ಸಿನಿಮಾ ಸರಾಗವಾಗಿ ಓಡಬೇಕು, ಯಾರ ಮನೆಯಲ್ಲಿ ನಾಯಕ ಹೊಡೆಯಲು ಎತ್ತಿದ ಕೈ ಎತ್ತಿದಲ್ಲೇ ನಿಲ್ಲಬೇಕು ಎಂದು ತೀರ್ಮಾನಿಸುವವನು ನನ್ನ ಮೈದುನ. ಈ ಅಧಿಕಾರವನ್ನು ಅವನಿಗೆ ಯಾರು ಕೊಟ್ಟರು ಎಂದು ನನ್ನನ್ನು ಕೇಳಬೇಡಿ. ನಾನೇ ಕೇಳಿ ಕೇಳಿ ಸಾಕಾಗಿದ್ದೇನೆ.

ಮೊದಲು ಅವನು ಮನೆಮನೆಗೆ ಟಿವಿ ಕೇಬಲ್ ಎಳೆಯುತ್ತಿದ್ದ. ಈಗ ಅದೇ ಕಂಬಗಳ ಮೇಲೆ ಇಂಟರ್ನೆಟ್ ಎಳೆಯುತ್ತಾನೆ. ಉಚ್ಚಿಲದ ಒಂದು ಬೇಕರಿಯ ಮಾಳಿಗೆಯಲ್ಲಿ ಅವನ ಕೋಣೆ, ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರು. ಅಷ್ಟೂ ಮನೆಗಳ ಇಂಟರ್ನೆಟ್ಟು ಆ ಒಂದೇ ಪೆಟ್ಟಿಗೆಯನ್ನು ಹಾದು ಹೋಗಬೇಕು. ಪ್ರತಿ ಮನೆಗೂ ಅಂಕೆಗಳದ್ದೊಂದು ವಿಳಾಸ ಉಂಟು. ಆ ವಿಳಾಸದ ಎದುರು ಮೈದುನ ಎರಡು ಸಂಗತಿ ಬರೆದಿಡುತ್ತಾನೆ: ಇವರಿಗೆ ಎಷ್ಟು ವೇಗ ಬಿಡಬೇಕು, ಇವರಿಗೆ ಏನನ್ನು ಬಿಡಬಾರದು.

ಎರಡನೆಯದು ವೈರಸ್ಸು, ಮೋಸದ ಜಾಲತಾಣ ಇಂಥವನ್ನು ತಡೆಯಲಿಕ್ಕೆ. ಆದರೆ ಚಿಲಕ ಕೈಗೆ ಸಿಕ್ಕಿದ ಮೇಲೆ ನನ್ನ ಮೈದುನ ಅಷ್ಟಕ್ಕೇ ನಿಲ್ಲುವ ಜನವೇ? ಕಾಪುವಿನ ನಿವೃತ್ತ ಮಾಸ್ಟ್ರೊಬ್ಬರು ಯಾವುದೋ ಕಷಾಯದ ವೆಬ್‌ಸೈಟು ಓದಿ ಬಿಪಿ ಮಾತ್ರೆ ಬಿಟ್ಟುಬಿಟ್ಟರು. ಅವರ ಹೆಂಡತಿ ಮೈದುನನಲ್ಲಿ ಹೇಳಿಕೊಂಡು ಅತ್ತರು. ಮರುದಿನದಿಂದ ಆ ವೆಬ್‌ಸೈಟು ಊರಿಗೆಲ್ಲ ತೆರೆಯುತ್ತಿತ್ತು, ಮಾಸ್ಟ್ರ ಮನೆಗೊಂದು ಬಿಟ್ಟು. ಮಾಸ್ಟ್ರು ಕೊಡೆ ಹಿಡಿದು ಮಾಳಿಗೆ ಹತ್ತಿದರು.

"ನನ್ನ ಮನೆಯಲ್ಲಿ ನಾನು ಎಂತ ಓದಬೇಕು ಅಂತ ಹೇಳಲಿಕ್ಕೆ ನೀನು ಯಾರು ಮಾರಾಯ?"

"ಮಾತ್ರೆ ತೆಗೆದುಕೊಳ್ಳಿ ಮಾಸ್ಟ್ರೇ. ಆಮೇಲೆ ಬಿಡ್ತೇನೆ."

ಮಾಸ್ಟ್ರಿಗೆ ಬಂದ ಸಿಟ್ಟಿಗೆ ತಲೆ ತಿರುಗಿ ಅಲ್ಲೇ ಕುರ್ಚಿಯಲ್ಲಿ ಕುಸಿದರು. ಅವರನ್ನು ಡಾಕ್ಟರರ ಬಳಿ ಕರೆದೊಯ್ದವನೂ ಮೈದುನನೇ. ಮಾತ್ರೆ ಮತ್ತೆ ಸುರುವಾಯಿತು, ವೆಬ್‌ಸೈಟೂ ತೆರೆಯಿತು. ಮಾಸ್ಟ್ರ ಹೆಂಡತಿ ನನ್ನೆದುರಿಗೇ ಅವನ ಕೈಗೆ ಹಲ್ವದ ಪೊಟ್ಟಣ ಕೊಟ್ಟು ಹೊಗಳಿದರು. ನನ್ನ ಮೈ ಉರಿಯಿತು. ಇನ್ನೊಬ್ಬರ ಮನೆಯ ವಿಷಯದಲ್ಲಿ ಕೈ ಹಾಕಿದ್ದು ತಪ್ಪು ತಾನೇ? ತಪ್ಪು ಮಾಡಿದವನಿಗೆ ಹಲ್ವ ಕೊಡುವುದು ಯಾವ ನ್ಯಾಯ?

ಇಂಥವನ ಸ್ವಂತ ಅತ್ತಿಗೆಯ ಮನೆಯಲ್ಲಿ ಇಂಟರ್ನೆಟ್ ಹೇಗಿರಬೇಕು? ಕಾರ್ಕಳದಲ್ಲಿ ನನ್ನ ತಂಗಿಯ ಮಗಳ ನಿಶ್ಚಿತಾರ್ಥವಿತ್ತು. ನನಗೆ ಆಗಷ್ಟೇ ಮೊಣಕಾಲಿನ ಆಪರೇಷನ್ ಆಗಿತ್ತು. "ಚಿಂತೆ ಬೇಡ ಅಕ್ಕ, ಲೈವ್ ಉಂಟು" ಎಂದಳು ತಂಗಿ. ನಾನು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಫೋನಿನ ಎದುರು ಕುಳಿತೆ. ಹುಡುಗ ಉಂಗುರ ಹಿಡಿದು ಕೈ ಚಾಚಿದ. ಚಿತ್ರ ನಿಂತಿತು. ತಂಗಿ ಆಕಳಿಸಲು ಬಾಯಿ ತೆರೆದಿದ್ದಳು, ಆ ಬಾಯಿ ಹಾಗೆಯೇ ಉಳಿಯಿತು. ನಾನು ಆ ಬಾಯಿಯನ್ನು ನೋಡುತ್ತ ಮುಕ್ಕಾಲು ಗಂಟೆ ಕಳೆದೆ. ಮತ್ತೆ ಜೀವ ಬಂದಾಗ ಯಾರೋ "ಎಲ್ಲರೂ ಊಟಕ್ಕೆ ಏಳಬೇಕು" ಎನ್ನುತ್ತಿದ್ದರು.

ಮೈದುನನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅವನು ಯಾರ ಫೋನೂ ಎತ್ತುವುದಿಲ್ಲ. ಕಾಲು ನೆಟ್ಟಗಾದ ದಿನವೇ ಬಸ್ಸು ಹತ್ತಿ ಉಚ್ಚಿಲಕ್ಕೆ ಹೋದೆ.

ಕೋಣೆಯಲ್ಲಿ ಕಂಪ್ಯೂಟರಿನ ಮುಚ್ಚಳ ತೆಗೆದು, ಅದರ ಮುಖಕ್ಕೆ ದೊಡ್ಡ ಫ್ಯಾನು ತಿರುಗಿಸಿಟ್ಟಿದ್ದ. ತಾನು ಬೆವರುತ್ತ ಗೋಡೆಗೆ ಒರಗಿ ಕುಳಿತಿದ್ದ. ನಾನು ಬೈಯುವಷ್ಟನ್ನೂ ಬೈದೆ. ಅವನು ತಲೆ ಎತ್ತಲಿಲ್ಲ.

"ಎಲ್ಲರೂ ಬೈತಾರೆ ಅತ್ತಿಗೆ. ಈ ವಾರ ಹನ್ನೊಂದು ಮನೆ ಬಿಟ್ಟು ಹೋಯಿತು. ಮಣಿಪಾಲದ ಇಂಜಿನಿಯರರು ಬಂದು ನೋಡಿ, ದೊಡ್ಡ ಮೆಷಿನ್ ತೆಗೆದುಕೊಳ್ಳದೆ ಆಗುವುದಿಲ್ಲ ಅಂದರು. ಅದು ನನ್ನಿಂದ ಆಗುವ ಮಾತಲ್ಲ. ಮುಚ್ಚಿಬಿಡುವ ಅಂತ ಉಂಟು."

ಅವನನ್ನು ಹಾಗೆ ನೋಡಿ ಅಭ್ಯಾಸವಿರಲಿಲ್ಲ. ಏನು ತೊಂದರೆ ಎಂದು ಕೇಳಿದೆ. ಹೇಳಿದ. ನಾವು ಒಂದು ಫೋಟೋ ಕಳಿಸಿದರೆ ಅದು ಇಡಿಯಾಗಿ ಹೋಗುವುದಿಲ್ಲವಂತೆ, ನೂರಾರು ಚೂರಾಗಿ ಹೋಗುತ್ತದಂತೆ. ಪ್ರತಿ ಚೂರು ಬಂದಾಗಲೂ ಯಂತ್ರ ಅವನ ಪಟ್ಟಿಯನ್ನು ಮೊದಲ ಸಾಲಿನಿಂದ ಓದುತ್ತ ಬಂದು, ಇದು ಯಾರ ಮನೆಯದು, ಎಷ್ಟು ವೇಗ, ಏನಾದರೂ ತಡೆ ಉಂಟೋ ಎಂದು ನೋಡಬೇಕು. ನಲವತ್ತು ಮನೆ ಇದ್ದಾಗ ಸರಿಯಿತ್ತು. ಈಗ ಸಾವಿರದ ಹತ್ತಿರ. ಓದಿ ಓದಿಯೇ ಯಂತ್ರ ಬಿಸಿಯಾಗುತ್ತದೆ.

"ನಮ್ಮ ಮನೆ ಎಷ್ಟನೆಯ ಸಾಲು?"

"ಕೊನೆಯದು. ಮನೆಯವರು ಕಾಯ್ತಾರೆ ಅಲ್ವಾ ಅಂತ..."

ಸಿಟ್ಟಿನಲ್ಲಿ ನನಗೆ ಆಪರೇಷನ್ನಿನ ಕಾಲೂ ನೆನಪಾಗದೆ ಎದ್ದು ನಿಂತೆ. ಕೊನೆಯ ಸಾಲಿಗಿಂತ ಹೆಚ್ಚಾಗಿ ಅವನ ದಡ್ಡತನ ನನ್ನನ್ನು ಕೆರಳಿಸಿತ್ತು. ನಾನು ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳು.

"ಅಲ್ಲ ಮಾರಾಯ, ಪೆರ್ಡೂರಿನ ಒಂದು ಕಾಗದ ಕೈಗೆ ಬಂದರೆ ನಾನು ಜಿಲ್ಲೆಯ ಎಲ್ಲ ಮನೆಗಳ ಹೆಸರು ಓದ್ತಾ ಕೂತಿದ್ದೆನಾ? ಹಾಗೆ ಮಾಡಿದ್ದರೆ ದೀಪಾವಳಿ ಕಾರ್ಡು ಯುಗಾದಿಗೆ ಮುಟ್ಟುತ್ತಿತ್ತು. ಗೋಡೆಯಲ್ಲಿ ಗೂಡು ಇರ್ತದೆ. ವಿಳಾಸ ನೋಡಿದ ಕೂಡಲೇ ಕೈ ನೇರ ಆ ಗೂಡಿಗೇ ಹೋಗ್ತದೆ. ನಿನ್ನ ಮೆಷಿನಿಗೆ ಗೂಡು ಇಲ್ವಾ?"

ಮೈದುನ ನನ್ನನ್ನೇ ನೋಡಿದ. ಆಮೇಲೆ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡು ಯೋಚಿಸತೊಡಗಿದ. "ಉಂಟು ಅತ್ತಿಗೆ," ಎಂದ ಕೊನೆಗೆ. "ವಿಳಾಸದ ಕೊನೆಯ ಸಂಖ್ಯೆ ಸೊನ್ನೆಯಿಂದ ಇನ್ನೂರ ಐವತ್ತೈದರ ಒಳಗೆ ಇರ್ತದೆ, ಅದೇ ಗೂಡಿನ ನಂಬರು ಆಗ್ತದೆ. ಊರಿಗೊಂದು ಕಪಾಟು, ಒಂದೊಂದರಲ್ಲಿ ಇನ್ನೂರ ಐವತ್ತಾರು ಗೂಡು. ಓದುವ ಕೆಲಸವೇ ಇಲ್ಲ. ತಡೆ ಇರುವ ಮನೆಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿದರೆ, ಚೀಲದಲ್ಲಿ ಉಂಟಾ ಇಲ್ವಾ ಅಂತ ಒಂದೇ ಸಲ ಕೇಳಿದರೆ ಆಯ್ತು."

ಮೂರು ಮಧ್ಯಾಹ್ನ ನಾವಿಬ್ಬರೂ ಕುಳಿತೆವು. ನಾನು ಹಳೆಯ ಪಟ್ಟಿಯನ್ನು ಓದಿದೆ, ಅವನು ಹೊಸದಾಗಿ ಬರೆದ. ಮೊದಲ ಸಾಲಿನಲ್ಲೇ ನನ್ನ ಪಿತ್ತ ಕೆರಳಿತ್ತು. ಹೆಂಗಸೊಬ್ಬಳ ಹೆಸರಿನಲ್ಲಿದ್ದ ಎರ್ಮಾಳಿನ ಒಂದು ಮನೆಗೆ ವೇಗದ ಮಿತಿಯೇ ಇರಲಿಲ್ಲ.

"ಇವಳು ಯಾವ ಊರಿನ ಮಹಾರಾಣಿ?"

"ಅದು ಹಾಗೆಯೇ ಇರಲಿ ಅತ್ತಿಗೆ. ಮುಂದಿನದು ಓದಿ."

ಮೂರನೆಯ ದಿನ ಸಂಜೆ ಹೊಸ ಪಟ್ಟಿ ಚಾಲೂ ಮಾಡಿದ. ಅರ್ಧ ಗಂಟೆ ಇಬ್ಬರೂ ಪೆಟ್ಟಿಗೆಯನ್ನೇ ನೋಡುತ್ತ ಕುಳಿತೆವು. ಅವನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿ ಫ್ಯಾನು ಆರಿಸಿದ. ಮನೆಗೆ ಬಂದು ನಿಶ್ಚಿತಾರ್ಥದ ವಿಡಿಯೋ ಹಾಕಿದೆ. ಉಂಗುರ ಬೆರಳಿಗೆ ಹೋಯಿತು, ತಂಗಿ ಆಕಳಿಸಿ ಬಾಯಿ ಮುಚ್ಚಿದಳು.

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಸ್ವಂತ ಅತ್ತಿಗೆ ಕೊನೆಯಲ್ಲಿ, ಯಾರೋ ಒಬ್ಬಳು ಮೊದಲು? ಆ ಮನೆ ತೋರಿಸಲೇಬೇಕೆಂದು ಹಟ ಹಿಡಿದೆ. ಭಾನುವಾರ ಅವನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದ.

ಕಡಲಿಗೆ ಹತ್ತಿರದ ಸಣ್ಣ ಮನೆ. ಜಗಲಿಯಲ್ಲಿ ಹೆಂಗಸೊಬ್ಬಳು ಹರಿದ ಬಲೆ ಸರಿಮಾಡುತ್ತ ಕುಳಿತಿದ್ದಳು. ಮೈದುನ ಕರೆಯಲಿಲ್ಲ. ಅವಳ ಕಣ್ಣಿಗೆ ಬೀಳುವಲ್ಲಿ ಹೋಗಿ ನಿಂತು ಎರಡೂ ಕೈ ಎತ್ತಿ ಬೆರಳಾಡಿಸಿದ. ಅವಳು ನಕ್ಕು, ಬಲೆ ಬಿಟ್ಟು, ಕೈಯಲ್ಲೇ ಏನೋ ಹೇಳಿದಳು. ಅವನೂ ಕೈಯಲ್ಲೇ ಉತ್ತರಿಸಿದ.

"ಅವರಿಗೆ ಕಿವಿ ಕೇಳುವುದಿಲ್ಲ ಅತ್ತಿಗೆ. ಗಂಡನಿಗೂ ಕೇಳುವುದಿಲ್ಲ. ಅವರು ಕುವೈತಿನಲ್ಲಿ ಟೈಲರ್. ಇಬ್ಬರೂ ಮಾತಾಡುವುದು ವಿಡಿಯೋದಲ್ಲಿ. ಚಿತ್ರ ನಿಂತರೆ ಕೈ ನಿಲ್ತದೆ, ಕೈ ನಿಂತರೆ ಮಾತೇ ಇಲ್ಲ."

"ನೀನು ಇದನ್ನು ಯಾವಾಗ ಕಲಿತೆ?"

"ಇವರ ಕಂಪ್ಲೇಂಟ್ ಬರುವುದೂ ವಿಡಿಯೋದಲ್ಲೇ. ಕಲಿಯದೆ ಎಂತ ಮಾಡುವುದು?" ಎಂದು ಆಚೆ ನೋಡಿದ.

ಅಷ್ಟರಲ್ಲಿ ಅವಳ ಫೋನು ಮಿನುಗಿತು. ಅದರಲ್ಲಿ ಗಂಡನ ಮುಖ ಬಂತು. ಮೂವರೂ ಮಾತಿಗೆ ತೊಡಗಿದರು. ಜಗಳದ ಹಾಗೆ, ತಮಾಷೆಯ ಹಾಗೆ ಕೈಗಳು ಹಾರಾಡಿದವು, ಒಂದು ಕ್ಷಣವೂ ಚಿತ್ರ ತಡೆಯಲಿಲ್ಲ. ಮೈದುನನನ್ನು ಬೈಯಲೆಂದು ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಬಾಯಲ್ಲಿತ್ತು. ಅಲ್ಲಿ ಅದು ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ.

"'ಚೆನ್ನಾಗಿದ್ದೀರಾ' ಅನ್ನುವುದು ಹೇಗೆ?" ಎಂದು ಮೈದುನನನ್ನು ಕೇಳಿದೆ. ಅವನು ತೋರಿಸಿದ. ನಾನೂ ಮಾಡಿದೆ. ಏನು ತಪ್ಪಾಯಿತೋ, ಕುವೈತಿನಲ್ಲಿ ಆ ಮನುಷ್ಯ ನಕ್ಕು ನಕ್ಕು ಫೋನೇ ಅಲ್ಲಾಡಿತು. ಅವಳು ಎದ್ದು ಬಂದು ನನ್ನ ಕೈಯನ್ನು ತನ್ನ ಒರಟು ಕೈಗಳಲ್ಲಿ ಹಿಡಿದು, ಒಂದೊಂದೇ ಬೆರಳನ್ನು ಮಡಚಿ ಸರಿಮಾಡಿ, ಮತ್ತೊಮ್ಮೆ ಹೇಳಿ ಎಂಬಂತೆ ನನ್ನ ಮುಖ ನೋಡಿದಳು.