ಗ್ರಾಟಿಯಸ್ ಸವಣೂರಿನಲ್ಲಿ ಸತ್ತದ್ದು

ಸಾವು ಎಂಬುದು ಐದು ಜನ ಕಣ್ಣಾರೆ ಕಂಡಾಗ ಮಾತ್ರ ಸಂಭವಿಸುತ್ತದೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಸಂಯುಕ್ತ ಮರಣ ಪರಿಶೀಲನಾ ಉಪಕಚೇರಿಯ ಏಳನೆಯ ಕಲಮು ಹಾಗೆಂದು ಹೇಳುತ್ತದೆ. ಆ ಕಲಮಿಗೆ ಗಾಜಿನ ಚೌಕಟ್ಟು ಹಾಕಿಸಿ ಉಪಾಧಿಕಾರಿ ಶಂಕ್ರಪ್ಪನವರ ಕುರ್ಚಿಯ ಹಿಂದೆ ತೂಗುಹಾಕಲಾಗಿದೆ. ಈ ನಿಯಮ ಬಂದ ಮೇಲೆ ನಾಲ್ಕೂ ತಾಲೂಕುಗಳಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಇಳಿದಿದ್ದು, ಕಚೇರಿಗೆ ಎರಡು ಸಲ ಪ್ರಶಂಸಾಪತ್ರವೂ ಬಂದಿದೆ.

ಸವಣೂರಿನ ಮಂಜವ್ವನ ಗಂಡ ಹೂವಪ್ಪ ಈ ಕಲಮನ್ನು ಓದಿಕೊಂಡವನಲ್ಲ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ವೀಳ್ಯದೆಲೆ ತೋಟದಲ್ಲಿ ಎಲೆ ಕೀಳುತ್ತಿದ್ದವನು ಏಣಿಯಿಂದ ಇಳಿದು, ಬಳ್ಳಿಯ ನೆರಳಿಗೆ ಕೂತು, ಯಾರನ್ನೂ ಕರೆಯದೆ ಸತ್ತುಹೋದ. ಮಂಜವ್ವ ಬುತ್ತಿ ತಂದಾಗ ಅವನ ಕೈಯಲ್ಲಿದ್ದ ಎಲೆ ಇನ್ನೂ ಬಾಡಿರಲಿಲ್ಲ. ಓಣಿಯವರೆಲ್ಲ ಬಂದರು, ಅತ್ತರು, ಮಣ್ಣು ಮಾಡಿದರು. ಸತ್ತವನನ್ನು ಕಂಡವರು ನೂರು ಜನ, ಸಾಯುವುದನ್ನು ಕಂಡವರು ಒಬ್ಬರೂ ಇರಲಿಲ್ಲ.

"ಹೆಣ ನೋಡೂದು ಬ್ಯಾರೆ, ಸಾಯೂದು ನೋಡೂದು ಬ್ಯಾರೆ," ಎಂದು ಶಂಕ್ರಪ್ಪನವರು ಮರಣಪತ್ರ ಕೇಳಿಕೊಂಡು ಬರುವ ಮಂಜವ್ವನಿಗೆ ಪ್ರತಿ ಸಲವೂ ತಾಳ್ಮೆಯಿಂದ ತಿಳಿಸಿ ಹೇಳುತ್ತಿದ್ದರು.

"ನಾವ ಮಣ್ಣು ಮಾಡಿ ಬಂದೇವ್ರಿ ಸಾಹೇಬ್ರ."

"ಅದು ನಿಮ್ಮ ಖಾಸಗಿ ವಿಚಾರ ಯವ್ವಾ. ನಮ್ಮ ದಫ್ತರದಾಗ ಅಂವಾ ಇನ್ನೂ ಅದಾನ."

ಮರಣಪತ್ರ ಇಲ್ಲದೆ ವಿಧವಾ ವೇತನವಿಲ್ಲ. ಮಂಜವ್ವ ಬೇರೆಯವರ ತೋಟದ ಎಲೆಯನ್ನು ಪೆಂಡಿ ಕಟ್ಟಿ ಹೊಟ್ಟೆ ಹೊರೆಯುತ್ತಿದ್ದಳು, ಆ ವೇತನ ಅವಳಿಗೆ ಬೇಕಾಗಿತ್ತು. ಆದರೆ ಅವಳನ್ನು ಹೆಚ್ಚು ಸುಡುತ್ತಿದ್ದದ್ದು ಬೇರೆ. ತಿಂಗಳಿಗೊಮ್ಮೆ ಆರೋಗ್ಯ ತಪಾಸಣೆಯ ಹುಡುಗಿ ಪಟ್ಟಿ ಹಿಡಿದು ಬಾಗಿಲಿಗೆ ಬಂದು, "ಹೂವಪ್ಪ ಅದಾರೇನ್ರಿ? ಬಿ.ಪಿ. ನೋಡಬೇಕಿತ್ತು," ಎಂದು ಕೇಳುತ್ತಿದ್ದಳು. ಪ್ರತಿ ತಿಂಗಳೂ ಮಂಜವ್ವ ಹೊಸ್ತಿಲಲ್ಲಿ ನಿಂತು ತನ್ನ ಗಂಡ ಸತ್ತಿದ್ದಾನೆಂದು ಹೊಸದಾಗಿ ಹೇಳಬೇಕು. ಹುಡುಗಿ ಪಟ್ಟಿಯನ್ನು ನೋಡಿ, ಮತ್ತೆ ಇವಳನ್ನು ನೋಡಿ, ಇವಳು ಗಂಡನನ್ನು ಎಲ್ಲೋ ಬಚ್ಚಿಟ್ಟವಳೆಂಬ ಹಾಗೆ ಅನುಮಾನದಿಂದ ಹೋಗುತ್ತಿದ್ದಳು. ಸತ್ತವನು ಸತ್ತಿದ್ದಾನೆಂದು ಸರ್ಕಾರ ಒಂದು ಸಲ ಒಪ್ಪಿಕೊಂಡರೆ ಸಾಕು, ಆಮೇಲೆ ಅವನನ್ನು ನೆನೆದು ನೆಮ್ಮದಿಯಾಗಿ ಅಳಬಹುದು ಎಂಬುದಷ್ಟೇ ಮಂಜವ್ವನ ಆಸೆ.

ಅದೇ ದಿನಗಳಲ್ಲಿ ನಾಲ್ಕೂ ತಾಲೂಕುಗಳು ಸಂಜೆ ಏಳೂವರೆಗೆ ಕೆಲಸ ನಿಲ್ಲಿಸತೊಡಗಿದವು. ಕಾರಣ, ಎರಡು ಸಾವಿರ ವರ್ಷ ಹಿಂದಿನ ರೋಮಿನ ಕಥೆಯನ್ನು ಕನ್ನಡದ ಮಾತು ಕೂಡಿಸಿ ತೋರಿಸುತ್ತಿದ್ದ 'ರೋಮಾಪುರದ ಸೊಸೆ' ಎಂಬ ಧಾರಾವಾಹಿ. ಅದರ ನಾಯಕ ಗ್ರಾಟಿಯಸ್ ರಾಜಸಭೆಯ ಪ್ರಾಮಾಣಿಕ ಸದಸ್ಯ, ಬಡವರಿಗೆ ಗೋದಿ ಹಂಚುವವನು, ಒಂದು ಭುಜದ ಮೇಲೆ ಬಿಳಿ ಬಟ್ಟೆ ಇಳಿಬಿಟ್ಟು ದಿನಕ್ಕೊಂದು ಭಾಷಣ ಮಾಡುವವನು. ಅವನಿಗೆ ಜ್ವರ ಬಂದ ವಾರ ಹುಲಗೂರಿನ ದರ್ಗಾದಲ್ಲಿ ಹರಕೆಯ ಸಕ್ಕರೆ ಓದಿಸಿದರು. ಚಿಕ್ಕೇರೂರಿನಲ್ಲಿ ಒಂದು ಎತ್ತಿಗೆ ಅವನ ಹೆಸರಿಟ್ಟರು. ಹಾನಗಲ್ಲಿನಲ್ಲಿ ಗಂಡಿನ ಕಡೆಯವರು ಖಳನಾಯಕನನ್ನು ಹೊಗಳಿದರೆಂದು ನಿಶ್ಚಯವಾಗಿದ್ದ ಮದುವೆಯೊಂದು ಮುರಿದುಬಿತ್ತು. ಸವಣೂರಿನ ಕುರುಕಲು ಖಾರದಂಗಡಿ ಉಳಿವೆಪ್ಪ ಗ್ರಾಟಿಯಸ್ ಅಭಿಮಾನಿ ಬಳಗ ಕಟ್ಟಿ, ತಾನೇ ಅಧ್ಯಕ್ಷನಾಗಿ, 'ಗ್ರಾಟಿಯಸ್ ಸ್ಪೆಷಲ್ ಖಾರ' ಮಾರತೊಡಗಿದ. ಅದು ಮೊದಲಿನ ಖಾರವೇ, ಪೊಟ್ಟಣ ಮಾತ್ರ ಬೇರೆ.

ಮಂಜವ್ವನೂ ಪಕ್ಕದ ಮನೆಯ ಬಳೆಗಾರ್ತಿ ಮರಿಯಮಬಿಯ ಟಿವಿ ಮುಂದೆ ಕೂತು ನೋಡುತ್ತಿದ್ದಳು. ಸಂಜೆ ಹೊತ್ತು ಒಬ್ಬಳೇ ಕೂರುವುದಕ್ಕಿಂತ ಅದು ಮೇಲಾಗಿತ್ತು. "ಮೈಮ್ಯಾಲೆ ಅಂಗಿ ಇಲ್ಲ, ಮಾತು ನೋಡು ಎಷ್ಟು," ಎಂದು ಅವಳು ಅಂದರೆ ಮರಿಯಮಬಿ ನಗುತ್ತಿದ್ದಳು.

ಹೀಗಿರುವಾಗ ಗ್ರಾಟಿಯಸನನ್ನು ಒಂಬತ್ತು ಜನ ವೈರಿಗಳು ರಾಜಸಭೆಯ ಮೆಟ್ಟಿಲ ಮೇಲೆ ಇರಿದು ಕೊಂದರು. ಆ ಇರಿತ ನಾಲ್ಕು ಸಂಜೆ ನಡೆಯಿತು, ನಡುನಡುವೆ ಬಟ್ಟೆ ಸೋಪಿನ ಜಾಹೀರಾತು ಬಂತು. ಐದನೆಯ ದಿನ ಬೆಳಿಗ್ಗೆ ಉಳಿವೆಪ್ಪ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸಾವಿರಾರು ಸಹಿಯ ಅರ್ಜಿಯೊಂದಿಗೆ ಉಪಕಚೇರಿಗೆ ಬಂದ. ಮಂಜವ್ವ ಆ ಹೊತ್ತಿಗೆ ಎಂದಿನಂತೆ ಬೆಂಚಿನ ಮೇಲಿದ್ದಳು.

"ಮರಣಪತ್ರ ಬೇಕಾಗಿತ್ರಿ ಸಾಹೇಬ್ರ. ಅಂಗಡ್ಯಾಗ ಫೋಟೋದ ಬಾಜೂಕ ಹಾಕೂದೈತಿ," ಎಂದ ಉಳಿವೆಪ್ಪ.

ಶಂಕ್ರಪ್ಪನವರ ಕಣ್ಣು ಕೆಂಪಾಗಿದ್ದವು. "ಐದು ಸಾಕ್ಷಿ ಏನು ಬಂತು ಉಳಿವೆಪ್ಪನವರ, ನಾಲ್ಕು ತಾಲೂಕ ನೋಡ್ಯಾವ. ನಾನೂ ನೋಡೇನಿ. ನಾಲ್ಕು ದಿನ ನೋಡೇನಿ. ಒಂದು ದಿನ ಊಟ ಸೈತ ಮಾಡಿಲ್ಲ."

ಕಂಪ್ಯೂಟರಿನ ಮುಂದಿದ್ದ ಗುಮಾಸ್ತೆ ತನುಜಾಳಿಗೆ ಒಂದೇ ತೊಡಕು ಬಂತು. ಮರಣದ ಸ್ಥಳದ ಪಟ್ಟಿಯಲ್ಲಿ ನಾಲ್ಕು ತಾಲೂಕು ಬಿಟ್ಟು ಬೇರೆ ಊರು ಇರಲಿಲ್ಲ. ಬಳಗದ ಅಧ್ಯಕ್ಷರು ಸವಣೂರಿನವರಾದ್ದರಿಂದ ಗ್ರಾಟಿಯಸ್ ಸವಣೂರಿನಲ್ಲಿ ಸತ್ತನೆಂದು ನಮೂದಾಯಿತು. ಕಾರಣದ ಕಾಲಮಿನಲ್ಲಿ 'ಸಾರ್ವಜನಿಕ ಮೆಟ್ಟಿಲುಗಳ ಮೇಲೆ ಸಂಘಟಿತ ಇರಿತ' ಎಂದು ಬರೆದರು. ಅರ್ಧ ತಾಸಿನಲ್ಲಿ ಮೊಹರು ಬಿತ್ತು.

ಮಂಜವ್ವ ಎದ್ದು ನಿಂತಳು. "ಸಾಹೇಬ್ರ, ಅದು ನಾಟಕಲ್ರಿ? ಅಂವಾ ಬಣ್ಣ ಹಚ್ಚಿಕೊಂಡಾಂವ."

ಕಚೇರಿಯವರೆಲ್ಲ ಅವಳತ್ತ ತಿರುಗಿದರು. "ನಾಟಕ ಅನ್ನೂದಕ್ಕ ನಿನ್ನ ಕಡೆ ಐದು ಸಾಕ್ಷಿ ಅದಾವೇನ ಯವ್ವಾ?" ಎಂದು ಶಂಕ್ರಪ್ಪನವರು ಕೇಳಿದರು. ಇರಲಿಲ್ಲ. ಅವಳು ಕೂತಳು.

ಮಾರ್ಚ್ ಬಂದಾಗ ಹೊಸ ಸಮಸ್ಯೆ ಎದ್ದಿತು. ವಿವಾಹಿತ ಪುರುಷನ ಮರಣಪತ್ರ ಹೊರಟರೆ, ಆರ್ಥಿಕ ವರ್ಷ ಮುಗಿಯುವುದರೊಳಗೆ ಅದಕ್ಕೆ ಒಬ್ಬ ವಿಧವೆಯನ್ನು ಲಗತ್ತಿಸಬೇಕೆಂಬುದು ಹದಿನೊಂದನೆಯ ಕಲಮು. ಗ್ರಾಟಿಯಸನ ಹೆಂಡತಿ ಫ್ಲಾವಿಯಾಳಿಗೆ ಕಳಿಸಿದ ಮೂರು ನೋಟೀಸುಗಳೂ 'ವಿಳಾಸದಾರರು ಪತ್ತೆಯಿಲ್ಲ' ಎಂಬ ಷರಾದೊಂದಿಗೆ ವಾಪಸು ಬಂದವು. ಮೇಲಿನ ಕಚೇರಿಯಿಂದ ದಫ್ತರ ತಪಾಸಣೆಯವರು ಬಂದರೆ ಏನು ಗತಿ ಎಂದು ಶಂಕ್ರಪ್ಪನವರು ತಲೆಗೆ ಕೈ ಹಚ್ಚಿ ಕೂತಿದ್ದಾಗ ತನುಜಾ ಪರಿಹಾರ ಕಂಡುಹಿಡಿದಳು.

"ಸರ್, ಇಲ್ಲೊಂದು ಹೇಂತಿ ಇಲ್ಲದ ಹೆಣ ಐತಿ. ಅಲ್ಲಿ ಬೆಂಚಿನ ಮ್ಯಾಲೆ ಹೆಣ ಇಲ್ಲದ ವಿಧವಾ ಅದಾಳ. ಎರಡೂ ಅರ್ಧ ಫೈಲು. ಕೂಡಿಸಿದ್ರ ಒಂದು ಪೂರ್ಣ ಆಕ್ಕೈತ್ರಿ."

ಆಡಳಿತದಲ್ಲಿ ಇಂಥ ಪ್ರತಿಭೆ ಅಪರೂಪ. ಶಂಕ್ರಪ್ಪನವರು ಅವಳಿಗೆ ಕೂಡಲೇ ಚಹಾ ತರಿಸಿದರು.

ಮಂಜವ್ವನನ್ನು ಮೊದಲ ಸಲ ಕುರ್ಚಿಯ ಮೇಲೆ ಕೂರಿಸಿ ಕಾಗದ ಮುಂದಿಟ್ಟರು. ತನುಜಾ ಓದಿ ಹೇಳಿದಳು. ಮಂಜವ್ವ ಮೃತ ಗ್ರಾಟಿಯಸನ ವಿಧವೆ ಎಂದು ಅದರಲ್ಲಿತ್ತು. "ನನ್ನ ಗಂಡನ ಹೆಸರು ಹೂವಪ್ಪ ರೀ."

"ಹೂವಪ್ಪ ಜೀವಂತ ಅದಾನ," ಎಂದರು ಶಂಕ್ರಪ್ಪನವರು. "ಜೀವಂತ ಗಂಡನ ಹೆಸರ್ಲೆ ವಿಧವಾ ವೇತನ ತಗೊಂಡ್ರ ಅದು ಅಪರಾಧ ಆಕ್ಕೈತಿ. ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ."

ಎಲೆಯ ಪೆಂಡಿ ಕಟ್ಟಿ ಕಟ್ಟಿ ಅವಳ ಹೆಬ್ಬೆರಳಿನ ಗೆರೆಗಳು ಸವೆದುಹೋಗಿದ್ದವು. ಮೂರನೆಯ ಸಲಕ್ಕೆ ಗುರುತು ಮೂಡಿತು. ಅವಳು ಮನಸ್ಸಿನಲ್ಲೇ ಹೂವಪ್ಪನ ಕ್ಷಮೆ ಕೇಳಿದಳು.

ಆಮೇಲೆ ಎಲ್ಲವೂ ಸುಸೂತ್ರವಾಯಿತು. ವೇತನ ಬಂತು. ಗ್ರಾಟಿಯಸನ ಹೆಂಡತಿಯನ್ನು ನೋಡಲು ಶಿಗ್ಗಾಂವದಿಂದ, ಹಿರೇಕೆರೂರಿನಿಂದ ಟೆಂಪೋ ಮಾಡಿಕೊಂಡು ಹೆಂಗಸರು ಬಂದರು. ಇವಳು ಮಂಜವ್ವ ಎಂಬುದು, ಎಲೆ ಕಟ್ಟುವವಳು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಮೊಹರೂ ಇತ್ತಲ್ಲ. "ಎಂಥಾ ಗಂಡನ್ನ ಕಳಕೊಂಡಿ ನಮ್ಮವ್ವಾ," ಎಂದು ಅವಳ ಕೊರಳಿಗೆ ಬಿದ್ದು ಅತ್ತರು. ಹೂವಪ್ಪನಿಗಾಗಿ ಅಳದೆ ಉಳಿದಿದ್ದ ಕಣ್ಣೀರು ಮಂಜವ್ವನಿಗೂ ಉಕ್ಕಿ ಬಂತು. ಅದನ್ನು ಕಂಡು ಬಂದವರಿಗೆ ತುಂಬ ತೃಪ್ತಿಯಾಯಿತು.

"ಅವ್ರು ಏನು ಇಷ್ಟಪಟ್ಟು ಉಣ್ತಿದ್ರು?" ಎಂದು ಒಬ್ಬಾಕೆ ಕೇಳಿದಳು.

"ಕಟಕ ರೊಟ್ಟಿ, ಪುಂಡಿಪಲ್ಯ," ಎಂದಳು ಮಂಜವ್ವ. "ಮ್ಯಾಲೆ ಹಸಿ ಉಳ್ಳಾಗಡ್ಡಿ ಬೇಕಾಕ್ಕಿತ್ತು."

ಮುಂದಿನ ವಾರದಿಂದ ಉಳಿವೆಪ್ಪನ ಅಂಗಡಿಯ ಫೋಟೋದ ಮುಂದೆ ರೊಟ್ಟಿ, ಪುಂಡಿಪಲ್ಯದ ಎಡೆ ಬೀಳತೊಡಗಿತು. ಹೂವಪ್ಪನ ಪಾಲಿಗೆ ಬಂದ ಎಡೆ ಅದೊಂದೇ.

ನಾಯಕನಿಲ್ಲದ ಧಾರಾವಾಹಿಯನ್ನು ನೋಡುವವರು ಕಡಿಮೆಯಾದರು. ಹಾಗಾಗಿ ಮೂರು ತಿಂಗಳ ನಂತರ ಒಂದು ಸಂಜೆ ಗ್ರಾಟಿಯಸ್ ದೋಣಿಯಿಂದ ಇಳಿದು ಬಂದ. ಒಂಬತ್ತೂ ಚೂರಿಗಳು ಬಟ್ಟೆಯೊಳಗೆ ತೊಟ್ಟ ಕವಚಕ್ಕೆ ತಾಗಿ ಬಾಗಿದ್ದವಂತೆ. ನಾಲ್ಕೂ ತಾಲೂಕುಗಳಲ್ಲಿ ಪಟಾಕಿ ಹಾರಿತು. ಮರುದಿನ ಬೆಳಿಗ್ಗೆ ಮಂಜವ್ವನಿಗೆ ನೋಟೀಸು ಬಂತು: "ತಮ್ಮ ಪತಿಯು ಜೀವಂತವಾಗಿರುವುದನ್ನು ಸದರಿ ಕಚೇರಿಯ ಸಮಸ್ತ ಸಿಬ್ಬಂದಿ ಕಣ್ಣಾರೆ ಕಂಡಿರುವ ಪ್ರಯುಕ್ತ ತಮ್ಮ ವೈಧವ್ಯವನ್ನು ಇಂದಿನಿಂದ ರದ್ದುಪಡಿಸಲಾಗಿದೆ. ಅಭಿನಂದನೆಗಳು."

ಮಂಜವ್ವ ನೋಟೀಸು ಹಿಡಿದು ಉಪಕಚೇರಿಗೆ ಹೋದಳು. "ಹಂಗಾರ ಹೂವಪ್ಪ ರೀ?"

"ಅಂವಾ ಮೊದಲ ಸತ್ತಿಲ್ಲಲ್ಲ ಯವ್ವಾ," ಎಂದರು ಶಂಕ್ರಪ್ಪನವರು ಪೇಢೆ ತಿನ್ನುತ್ತ. "ಖರೇ ಅಂದ್ರ ಎರಡು ಗಂಡಂದ್ರು ಇರೂದು ಕಾನೂನಿಗೆ ವಿರುದ್ಧ. ಮಾನವೀಯತೆ ಮ್ಯಾಲೆ ನಾವು ಸುಮ್ಮನದೇವಿ. ತಗೋ, ಬಾಯಿ ಸಿಹಿ ಮಾಡ್ಕೋ."

ಸಂಜೆ ಉಳಿವೆಪ್ಪ ಬಾಜಾ ಬಜಂತ್ರಿಯೊಂದಿಗೆ ಬಳಗವನ್ನು ಕರೆದುಕೊಂಡು ಅವಳ ಮನೆಗೆ ಬಂದ. ಮುತ್ತೈದೆಯಾದವಳು ಬರಿಗೈಯಲ್ಲಿ ಇರಬಾರದೆಂದು ಬಳಗದ ವತಿಯಿಂದ ಹಸಿರು ಬಳೆ ತೊಡಿಸಲು ತೀರ್ಮಾನವಾಗಿತ್ತು. ಹೆಂಗಸರು ಅವಳ ಹಣೆಗೆ ಕುಂಕುಮ ಹಚ್ಚಿದರು. ಬಳೆ ತೊಡಿಸುವ ಕೆಲಸ ಮರಿಯಮಬಿಗೆ ಬಂತು. ಎರಡು ವರ್ಷದ ಹಿಂದೆ ಹೂವಪ್ಪನ ಹೆಣದ ಪಕ್ಕದಲ್ಲಿ ಇದೇ ಕೈ ಬರಿದಾದಾಗ ಅದನ್ನು ಹಿಡಿದು ಕೂತವಳು ಅವಳೇ.

"ಬ್ಯಾಡಂದ್ರ ಬ್ಯಾಡನ್ನು ಮಂಜವ್ವಾ," ಎಂದು ಮರಿಯಮಬಿ ತಗ್ಗಿದ ದನಿಯಲ್ಲಿ ಹೇಳಿದಳು. "ನಾ ಎದ್ದು ಹೋಗ್ತೇನಿ."

ಮಂಜವ್ವ ಅಂಗಳದ ತುಂಬ ನಿಂತಿದ್ದ ಸಂತೋಷದ ಮುಖಗಳನ್ನು ನೋಡಿದಳು. ಒಂದರಲ್ಲೂ ಅನುಮಾನವಿರಲಿಲ್ಲ. ಅವಳಿಗೆ ತುಂಬ ದಣಿವಾಗಿತ್ತು. "ಹಾಕಿಬಿಡು," ಎಂದು ಕೈ ಚಾಚಿದಳು.

ಮರುದಿನ ಬೆಳಿಗ್ಗೆ ತಪಾಸಣೆಯ ಹುಡುಗಿ ಪಟ್ಟಿ ಹಿಡಿದು ಬಾಗಿಲಿಗೆ ಬಂದಳು. "ಹೂವಪ್ಪ ಅದಾರೇನ್ರಿ?"

ಮಂಜವ್ವ ಹೊಸ್ತಿಲಿಗೆ ಬಂದಳು. ಬಾಗಿಲ ಚೌಕಟ್ಟು ಹಿಡಿದಾಗ ಬಳೆಗಳು ಸದ್ದು ಮಾಡಿದವು.

"ತೋಟಕ್ಕ ಹೋಗ್ಯಾನವ್ವಾ," ಎಂದಳು. "ಎಲಿ ಕೀಳಾಕ."

ಹುಡುಗಿಗೆ ಎರಡು ವರ್ಷದಲ್ಲಿ ಮೊದಲ ಸಲ ಸರಿಯಾದ ಉತ್ತರ ಸಿಕ್ಕಿತ್ತು. ಅವಳು ಹೂವಪ್ಪನ ಹೆಸರಿನ ಮುಂದೆ 'ಆರೋಗ್ಯವಾಗಿದ್ದಾರೆ' ಎಂದು ಬರೆದುಕೊಂಡು ಮುಂದಿನ ಮನೆಗೆ ನಡೆದಳು.